ತಲೆಯ ಶಸ್ತ್ರಚಿಕಿತ್ಸೆಯ ನಂತರ ಐಸಿಯುನಲ್ಲಿ ಸಕ್ಕರೆ ನಿಭಾಯಿಸುವುದು ಹೇಗೆ?

ಹೊಸ ನರ್ಸ್‌ಗಳು ರಕ್ತದ ಸಕ್ಕರೆ 240 (ಮಿ.ಗ್ರಾಂ/ಡೆ.ಲೀ.) ಕಂಡರೆ ಗಾಬರಿಯಾಗುತ್ತಾರೆ, 75 ಕಂಡರೆ ನೆಮ್ಮದಿಯಾಗುತ್ತಾರೆ. ನನ್ನ ಪ್ರಕಾರ 75 ಕಂಡಾಗಲೇ ಹೆಚ್ಚು ಹೆದರಬೇಕು. ಮಿದುಳಿಗೆ ಗ್ಲೂಕೋಸ್ ಕೂಡಿಡುವ ಕಣಜವಿಲ್ಲ. ಮಂಪರಿನ ಔಷಧದಲ್ಲಿರುವ ರೋಗಿ ‘ತಲೆ ಸುತ್ತುತ್ತಿದೆ’ ಎಂದು ಹೇಳಲಾರ.

1. ಸಕ್ಕರೆ 180 ದಾಟಿಯೇ ನಿಂತರೆ ವೈದ್ಯರ ಆದೇಶದಂತೆ ಇನ್ಸುಲಿನ್. ಗುರಿ 140–180. 80–110ಕ್ಕೆ ಇಳಿಸುವ ಹಟ 2001ರ ಬೆಲ್ಜಿಯಂನ ಲ್ಯುವೆನ್ ಅಧ್ಯಯನದ ಬಳಿಕ ಹಬ್ಬಿತ್ತು. 2009ರ ನೈಸ್-ಶುಗರ್ ಪ್ರಯೋಗದಲ್ಲಿ ಹಾಗೆ ಬಿಗಿ ಹಿಡಿದವರಲ್ಲೇ ಸಾವು ಹೆಚ್ಚಿತ್ತು: ಶೇ 27.5, ಉಳಿದವರಲ್ಲಿ ಶೇ 24.9.

2. ಪಂಪ್ ಸಿರಿಂಜಿನಲ್ಲಿ 50 ಯೂನಿಟ್ ರೆಗ್ಯುಲರ್ ಇನ್ಸುಲಿನ್, ನಾರ್ಮಲ್ ಸಲೈನ್ ಸೇರಿ 50 ಮಿ.ಲೀ. ನಮ್ಮಲ್ಲಿ ಮಿ.ಲೀ.ಗೆ 40 ಯೂನಿಟ್‌ನ ಸೀಸೆಯೂ ಇದೆ, 100ರದ್ದೂ ಇದೆ. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. ‘ಅಂದಾಜಿಗೆ ನಡೆಯುತ್ತದೆ’ ಎನ್ನುವವರಿಂದ ಸಿರಿಂಜ್ ಕಿತ್ತುಕೊಳ್ಳಿ. ಇನ್ಸುಲಿನ್ ಪ್ಲಾಸ್ಟಿಕ್ಕಿಗೆ ಅಂಟುವುದರಿಂದ ಮೊದಲ 20 ಮಿ.ಲೀ. ನಳಿಕೆಯಲ್ಲಿ ಹರಿಸಿ ಚೆಲ್ಲಿ.

3. ಗಂಟೆಗೊಮ್ಮೆ ಪರೀಕ್ಷೆ, ಆರ್ಟೀರಿಯಲ್ ಲೈನ್ (ಅಪಧಮನಿಗೆ ಹಾಕಿದ ನಳಿಕೆ) ರಕ್ತದಿಂದ. ಕೈ ಊದಿದವರ, ಬಿಪಿ ಏರಿಸುವ ಔಷಧ ಓಡುತ್ತಿರುವವರ ಬೆರಳ ತುದಿಯ ರಕ್ತವನ್ನು ನಂಬಬೇಡಿ. ರಕ್ತಹೀನತೆಯಿದ್ದರೆ ಹಲವು ಗ್ಲೂಕೋಮೀಟರ್‌ಗಳು ಸಕ್ಕರೆಯನ್ನು ಹೆಚ್ಚಾಗಿ ತೋರಿಸುತ್ತವೆ. ಅಗ್ಗದ ಸ್ಟ್ರಿಪ್ ಐಸಿಯುಗೆ ಬೇಡವೇ ಬೇಡ.

4. ಎಡವುವುದು ಇಲ್ಲೇ. ಸಿಟಿ ಸ್ಕ್ಯಾನ್‌ಗೆಂದು ರೈಲ್ಸ್ ಟ್ಯೂಬಿನ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಆಹಾರ ನಿಲ್ಲಿಸುತ್ತಾರೆ. ವೆಂಟಿಲೇಟರ್, ಆಮ್ಲಜನಕದ ಸಿಲಿಂಡರ್, ಲಿಫ್ಟ್ ಎಲ್ಲವೂ ನೆನಪಿರುತ್ತದೆ. ಇನ್ಸುಲಿನ್ ಪಂಪ್ ಮಾತ್ರ ಬ್ಯಾಟರಿಯ ಮೇಲೆ ತನ್ನ ಪಾಡಿಗೆ ಓಡುತ್ತಿರುತ್ತದೆ. ಸ್ಕ್ಯಾನ್ ಕೋಣೆಯ ಸಾಲು ಉದ್ದವಾದಷ್ಟೂ ಸಕ್ಕರೆ ಕುಸಿಯುತ್ತದೆ. ಆಮೇಲೆ ಎಚ್ಚರವಾಗದ ರೋಗಿಯನ್ನು ನೋಡಿ ರಕ್ತ ಹೆಪ್ಪುಗಟ್ಟಿತೇ, ಬಾವು ಹೆಚ್ಚಿತೇ ಎಂದು ಹುಡುಕುತ್ತಾರೆ. ಆಹಾರ ನಿಲ್ಲಿಸಿದ ಕೈಯೇ ಪಂಪನ್ನೂ ನಿಲ್ಲಿಸಲಿ, ಆ ಕ್ಷಣವೇ ವೈದ್ಯರಿಗೆ ತಿಳಿಸಲಿ. ಟೈಪ್ 1 ಮಧುಮೇಹಿಗಳಲ್ಲಿ ಮಾತ್ರ ಪೂರ್ತಿ ನಿಲ್ಲಿಸುವಂತಿಲ್ಲ, ಪ್ರಮಾಣವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಹೊರಡುವ ಮುನ್ನ ಒಂದು ಪರೀಕ್ಷೆ, ಮರಳಿದೊಡನೆ ಇನ್ನೊಂದು. ಮಿದುಳಿನ ಬಾವು ತಗ್ಗಿಸಲು ಕೊಡುವ, ಸಕ್ಕರೆ ಏರಿಸುವ ಸ್ಟಿರಾಯ್ಡ್ ಡೆಕ್ಸಾಮೆಥಾಸೋನ್‌ನ ಪ್ರಮಾಣ ಇಳಿಸುವಾಗಲೂ ಇದೇ ಅಪಾಯ: ನಿನ್ನೆಯ ಇನ್ಸುಲಿನ್ ವೇಗ ಇಂದಿಗೆ ಹೆಚ್ಚಾಗುತ್ತದೆ.

5. ರಕ್ತದ ಪೊಟ್ಯಾಸಿಯಂ ನೋಡುತ್ತಿರಿ, ಇನ್ಸುಲಿನ್ ಅದನ್ನೂ ಇಳಿಸುತ್ತದೆ.

6. ಸಕ್ಕರೆ 70ಕ್ಕಿಂತ ಇಳಿದರೆ ಇನ್ಸುಲಿನ್ ನಿಲ್ಲಿಸಿ, ವೈದ್ಯರನ್ನು ಕರೆಯಿರಿ, ಅವರು ಹೇಳಿದಷ್ಟು ಶೇ 25ರ ಡೆಕ್ಸ್ಟ್ರೋಸ್ ಕೊಟ್ಟು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ‘ಇರಲಿ’ ಎಂದು ಶೇ 5ರ ಡೆಕ್ಸ್ಟ್ರೋಸ್ ಬಾಟಲಿ ತೂಗುಹಾಕಬೇಡಿ. ಅದರ ಸಕ್ಕರೆ ಕರಗಿಹೋಗಿ ಉಳಿಯುವ ನೀರು ಮಿದುಳಿನ ಬಾವನ್ನು ಹೆಚ್ಚಿಸುತ್ತದೆ.