ಸೀಲ್ ಬಿಚ್ಚುವ ಮೊದಲು ಪ್ರೆಷರ್ ನೋಡಿ

ನಮ್ಮ ಬದಿಯಡ್ಕ, ಪೆರ್ಲ ಕಡೆ ಎಷ್ಟೋ ಕಾರುಗಳು ಓಡುವುದು ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ. ಮಳೆಗಾಲದಲ್ಲಂತೂ ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಶೆಡ್ಡಿಗೆ ವಾಪಸ್. ಅಂಥ ಕಾರಿನ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಕೆನೆ ಕಟ್ಟಿದ ಹಾಗೆ ಬಿಳಿ ಪಸೆ. ಕೂಲೆಂಟ್ ನೀರು ಆಯಿಲಿಗೆ ಸೇರದ ಹಾಗೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಜನ ಹೆದರುತ್ತಾರೆ. ಕೂಲೆಂಟ್ ಇಳಿಯದೆ ಇದ್ದರೆ ಹೆಚ್ಚಾಗಿ ಅದು ಹೊರಗೆ ಹೋಗದೆ ಉಳಿದ ನೀರಾವಿ, ಅಷ್ಟೇ.

ಹೊಸ ಇಂಜಿನ್ ಆದರೂ ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸ್ ಕ್ರ್ಯಾಂಕ್‌ಕೇಸಿಗೆ, ಅಂದರೆ ಇಂಜಿನ್ನಿನ ಕೆಳಗಿನ ಆಯಿಲ್ ಇರುವ ಭಾಗಕ್ಕೆ, ಇಳಿಯುತ್ತದೆ. ಅದರಲ್ಲಿ ಸುಡದ ಪೆಟ್ರೋಲ್ ಇರುತ್ತದೆ, ನೀರಾವಿಯೂ ಇರುತ್ತದೆ. ಹಿಂದೆ ಅದನ್ನು ಒಂದು ಪೈಪಿನಲ್ಲಿ ರಸ್ತೆಗೇ ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾಡೆಲ್ ಕಾರುಗಳಿಂದ ಅದನ್ನು ಮತ್ತೆ ಇಂಜಿನ್ನಿಗೇ ಎಳೆದು ಸುಡುವ ಕ್ರಮ ಬಂತು. ಆ ಕೆಲಸ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್) ವಾಲ್ವಿನದ್ದು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡಿನ ಎಳೆತ ಜಾಸ್ತಿ, ಆಗ ಅದು ಸಣ್ಣ ದಾರಿ ಬಿಡುತ್ತದೆ. ಗಾಡಿ ಓಡುವಾಗ ಎಳೆತ ತಗ್ಗುತ್ತದೆ, ದಾರಿ ದೊಡ್ಡದಾಗುತ್ತದೆ.

ಒಬ್ಬರು ಮಾಷ್ಟ್ರ ಪೆಟ್ರೋಲ್ ಕಾರಿಗೆ ಬೇರೆ ಕಡೆ ಗೇರ್‌ಬಾಕ್ಸ್ ಇಳಿಸಿ ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಹಾಕಿಸಿಯಾಗಿತ್ತು. ಆದರೂ ಲೀಕ್. "ಮಾಷ್ಟ್ರೇ, ಸೀಲಿಗೆ ಈಗ ಕೈ ಹಾಕುವುದು ಬೇಡ, ಮೊದಲು ಕ್ರ್ಯಾಂಕ್‌ಕೇಸಿನ ಪ್ರೆಷರ್ ನೋಡುವ" ಅಂದೆ. ಮೇಸ್ತ್ರಿಗಳು ಮಟ್ಟ ನೋಡುವ ಪೈಪ್ ಇದೆಯಲ್ಲ, ಅದನ್ನು ಹಲಗೆಗೆ ಯು ಆಕಾರದಲ್ಲಿ ಕಟ್ಟಿ ಅರ್ಧ ನೀರು ತುಂಬಿಸಿದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ಆ ತೂತಿಗೆ ಒಂದು ತುದಿ ಬಿಗಿಯಾಗಿ ಸೇರಿಸಿದೆ. ಹಲಗೆ ಉದ್ದ ಇರಲಿ, ಇಲ್ಲದಿದ್ದರೆ ನೀರು ಇಂಜಿನ್ನಿನೊಳಗೆ ಹೋದೀತು! ಕೆಲವು ಇಂಜಿನ್‌ಗಳಲ್ಲಿ ಡಿಪ್‌ಸ್ಟಿಕ್ ಪೈಪ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಅಂಥದ್ದಕ್ಕೆ ಆಯಿಲ್ ಮುಚ್ಚಳದ ಜಾಗವೇ ಆಗಬೇಕು.

ಎಲ್ಲ ಸರಿ ಇದ್ದರೆ ಐಡಲ್‌ನಲ್ಲಿ ನೀರು ಸ್ವಲ್ಪ ಇಂಜಿನ್ ಕಡೆಗೆ ಏರಬೇಕು. ಇಲ್ಲಿ ಉಲ್ಟಾ, ಹೊರಗಿನ ತುದಿಗೆ ಏರಿತು. ರೇಸ್ ಮಾಡಿದ ಹಾಗೆ ಇನ್ನೂ ಮೇಲೆ. ಒಳಗಿನ ಪ್ರೆಷರ್ ಎಲ್ಲಿ ಸಂದು ಸಿಗುತ್ತದೋ ಅಲ್ಲಿಂದ ಆಯಿಲ್ ದೂಡುತ್ತದೆ, ಸೀಲ್ ಏನು ಮಾಡೀತು?

ಪಿಸಿವಿ ಬಿಚ್ಚಿದೆ. ಅಲುಗಿಸಿದರೆ ಟಕಟಕ ಅನ್ನಬೇಕಿತ್ತು, ಸದ್ದೇ ಇಲ್ಲ. ಒಳಗೆಲ್ಲ ಕಪ್ಪು ಕೆಸರು, ಹೋಸ್ ಕೂಡ ಕಟ್ಟಿತ್ತು. ಎರಡನ್ನೂ ಹೊಸತು ಹಾಕಿ ಆಯಿಲ್ ಬದಲಿಸಿದೆ. ನೀರು ಇಂಜಿನ್ ಕಡೆಗೆ ತಿರುಗಿತು. ಸೀಲ್ ಹಾಗೇ ಬಿಟ್ಟೆ. ಲೀಕ್ ನಿಂತಿತು.

ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಬೇರೆ ಕತೆ. ಗಾಳಿ ಜಾಸ್ತಿ ನುಗ್ಗಿ ಐಡಲ್ ಹದ ತಪ್ಪುತ್ತದೆ. ಹೋಸ್ ಚಿವುಟಿದರೆ ಇಂಜಿನ್ ಸಮವಾಗುತ್ತದಾ ಅಂತ ನೋಡಿದರೆ ಸಾಕು.

ಮುಳ್ಳೇರಿಯ ಕಡೆಯಿಂದ ಬರುವ ಹಳೆಯ ಡೀಸೆಲ್ ಜೀಪುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅವುಗಳ ಮ್ಯಾನಿಫೋಲ್ಡಿನಲ್ಲಿ ಅಷ್ಟು ಎಳೆತ ಇಲ್ಲ, ಇರುವುದು ಗ್ಯಾಸ್ ಹೊರಗೆ ಬಿಡುವ ಬರೀ ಬ್ರೀದರ್ ಪೈಪ್. ಅದನ್ನು ತೊಳೆದ ಮೇಲೂ ಬುಸುಬುಸು ಹೊಗೆ ಬಂದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ನೋಡುತ್ತೇನೆ. ಅದೂ ಕಡಿಮೆ ಬಂದರೆ ರಿಂಗ್ ಸವೆದಿರುವುದೇ ಹೆಚ್ಚು, ಇಂಜಿನ್ ಬಿಚ್ಚುವ ಖರ್ಚನ್ನು ಮಾಲಕರಿಗೆ ಮೊದಲೇ ಹೇಳಿಬಿಡುತ್ತೇನೆ.