ಅಡುಗೆಮನೆಯನ್ನೂ ಬಾಡಿಗೆಗೆ ಕೊಟ್ಟೆ

ಧಾರವಾಡದ ಸಪ್ತಾಪುರದಲ್ಲಿ ಮನೆ ಇದ್ದವರಿಗೆ ಬಾಡಿಗೆದಾರರನ್ನು ಹುಡುಕುವ ಕಷ್ಟ ಇಲ್ಲ. ಕೋಚಿಂಗ್‌ಗೆ ಬಂದವರು ಬ್ಯಾಗ್ ಹಿಡಿದುಕೊಂಡೇ ಗೇಟಿಗೆ ಬರುತ್ತಾರೆ, "ರೂಮ್ ಅದಾವೇನ್ರಿ?" ಕಷ್ಟ ಇರುವುದು ಉಳಿಸಿಕೊಳ್ಳುವುದರಲ್ಲಿ. ಅದರಲ್ಲೂ ನಮ್ಮದು ಹಳೇ ಹಂಚಿನ ಮನೆ. ಬಾಗಿಲು ಒಂದೇ, ಬಚ್ಚಲು ಒಂದೇ, ಅಡುಗೆಮನೆಯೂ ಒಂದೇ. ಮಗ ಪುಣೆಗೆ ಹೋದ ಮೇಲೆ ಮುಂದಿನ ಎರಡು ಕೋಣೆ ಖಾಲಿ ಬಿದ್ದಿದ್ದವು.

ಗೌಂಡಿಯನ್ನು ಕರೆಸಿ ಕೇಳಿದೆ. ಬೇರೆ ಬಾಗಿಲು, ಬಚ್ಚಲು, ಅಡುಗೆಕಟ್ಟೆ ಎಲ್ಲ ಸೇರಿ ನಾಲ್ಕೂಕಾಲು ಲಕ್ಷ ಅಂದ. ಬರುವ ಬಾಡಿಗೆ ತಿಂಗಳಿಗೆ ಒಂಬತ್ತು ಸಾವಿರ. ನಾಲ್ಕು ವರ್ಷ ಗೌಂಡಿಗೇ ದುಡಿದಂತೆ. ಬೇಡ ಅಂದೆ.

ಮೊದಲು ಇಟ್ಟುಕೊಂಡದ್ದು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ ಮೂರು ಹುಡುಗರನ್ನು. ಊಟ ಖಾನಾವಳಿಯಲ್ಲಿ, ಹಾಗಾಗಿ ಅಡುಗೆಮನೆಯ ತಂಟೆ ಇಲ್ಲ ಅಂದುಕೊಂಡೆ. ಗೋಡೆಗೆ ಹದಿನೇಳು ನಿಯಮಗಳ ಹಾಳೆ ಅಂಟಿಸಿದೆ. ಹತ್ತು ಗಂಟೆ ಮೇಲೆ ಬರಬಾರದು, ಬಕೆಟ್‌ಗೆ ಹೀಟರ್ ಕಾಯಿಲ್ ಹಾಕಬಾರದು, ಹೀಗೆ. ಕಾಯಿಲ್ ಹಾಕಿದರು. ಪ್ಲಗ್ ಸುಟ್ಟು ಗೋಡೆಯೆಲ್ಲ ಕಪ್ಪಾಯಿತು. 2022ರಲ್ಲಿ ಆ ಪರೀಕ್ಷೆಯೇ ರದ್ದಾದಾಗ ಇಬ್ಬರು ಊರಿಗೆ ಹೋದರು, ಮೂರನೆಯವನು ಒಬ್ಬನೇ ಅಷ್ಟು ಬಾಡಿಗೆ ಕೊಡಲಾರೆ ಅಂದ. ಐದು ತಿಂಗಳು ಖಾಲಿ. ವೈರಿಂಗು, ಬಣ್ಣ ಸೇರಿ ಹದಿನಾಲ್ಕು ಸಾವಿರ ಕೈಬಿಟ್ಟಿತು.

2023ರಲ್ಲಿ ಹೊಸದಾಗಿ ಮದುವೆಯಾದ ಜೋಡಿ ಬಂತು. ಅಡುಗೆಮನೆಯಲ್ಲಿ ಅವರಿಗೊಂದು ಕಟ್ಟೆ, ಒಂದು ಕಪಾಟು ಕೊಟ್ಟೆ. ಒಟ್ಟಿಗೇ ಅಡುಗೆ ಮಾಡೋಣ, ಮಾತಿಗೂ ಆಯಿತು ಅಂತ ನನ್ನ ಆಸೆ. ಆ ಹುಡುಗಿ ಒಗ್ಗರಣೆಗೆ ಇಟ್ಟರೆ ಸಾಕು, ನಾನು ಹಿಂದೆ ನಿಂತು "ಗ್ಯಾಸ್ ಸಣ್ಣ ಮಾಡು" ಅನ್ನುತ್ತಿದ್ದೆ. ಅನ್ನಬಾರದು ಅಂತ ಗೊತ್ತಿತ್ತು, ಬಾಯಿ ತಡೆಯಲಿಲ್ಲ. ಮೂರೇ ತಿಂಗಳಿಗೆ ಬಿಟ್ಟರು. ಹೋಗುವಾಗ ಅವಳು ಬಲು ವಿನಯದಿಂದ, "ಆಂಟಿ, ಮನಿ ಭಾಳ ಛಲೋ ಐತ್ರಿ. ಆದ್ರ ನೀವು ಯಾವಾಗ್ಲೂ ಮನ್ಯಾಗ ಇರ್ತೀರಿ" ಅಂದಳು.

ಎರಡು ದಿನ ಸಿಟ್ಟಿತ್ತು. ನನ್ನ ಮನೆಯಲ್ಲಿ ನಾನಿರದೆ ಇನ್ನೆಲ್ಲಿರಲಿ? ಮೂರನೇ ದಿನ ಹದಿನೇಳು ನಿಯಮಗಳ ಹಾಳೆ ಹರಿದು ಹಾಕಿದೆ. ಬಾಡಿಗೆದಾರರಿಗಲ್ಲ, ನನಗೇ ನಿಯಮ ಮಾಡಿಕೊಂಡೆ. ಬೆಳಿಗ್ಗೆ ಎಂಟರವರೆಗೆ ಅಡುಗೆಮನೆ ನನ್ನದು. ಎಂಟರಿಂದ ಒಂಬತ್ತೂವರೆ, ಸಂಜೆ ಏಳರಿಂದ ಎಂಟೂವರೆ ಅವರದು. ಆ ಹೊತ್ತಿನಲ್ಲಿ ನಾನು ಹೊಸ್ತಿಲು ದಾಟುವ ಹಾಗಿಲ್ಲ. ಹಾಲು ಉಕ್ಕಿದರೂ ಸರಿ.

ಪಕ್ಕದ ಮನೆ ವಹಿನಿ ಕೇಳಿ ನಕ್ಕರು. "ಅಡಗಿಮನಿ ಬಿಟ್ಟುಕೊಟ್ರ ಮನಿನ ಬಿಟ್ಟುಕೊಟ್ಟಂಗ ನೋಡವಾ." ನಮ್ಮವರಿಗೂ ನಂಬಿಕೆ ಇರಲಿಲ್ಲ, ಒಂದು ವಾರ ಅಂದರು.

2024ರ ಶುರುವಿನಲ್ಲಿ ಇಬ್ಬರು ಹುಡುಗಿಯರು ಬಂದರು. ಒಬ್ಬಳು ಬಾಗಲಕೋಟೆ ಕಡೆಯವಳು, ಕೆಎಎಸ್‌ಗೆ ಓದುತ್ತಾಳೆ. ಇನ್ನೊಬ್ಬಳು ಕೊಪ್ಪಳದವಳು, ನರ್ಸ್. ಮೊದಲ ಸಂಜೆಯೇ ನನ್ನ ಪರೀಕ್ಷೆ ಆಯಿತು. ಏಳೂಕಾಲಿಗೆ ಪಡಸಾಲೆ ಕಟ್ಟೆ ಮೇಲೆ ಮಜ್ಜಿಗೆ ಲೋಟ ಹಿಡಿದು ಕೂತಿದ್ದೇನೆ, ಉಪ್ಪು ಹಾಕಿಲ್ಲ. ಉಪ್ಪಿನ ಡಬ್ಬಿ ಒಳಗೆ. ಒಳಗಿನಿಂದ ಬೆಳ್ಳುಳ್ಳಿ ಜಜ್ಜುವ ಸದ್ದು, ನನಗಿಂತ ಜೋರು ಜಜ್ಜುತ್ತಿದ್ದಾಳೆ. ನಮ್ಮವರು ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡಿದರು. ಸಪ್ಪೆ ಮಜ್ಜಿಗೆಯನ್ನೇ ಕುಡಿದೆ. ಮರುದಿನ ಒಂದು ಚಿಕ್ಕ ಉಪ್ಪಿನ ಡಬ್ಬಿ ಪಡಸಾಲೆಗೆ ತಂದಿಟ್ಟೆ.

ಕರೆಂಟಿನ ಮಾತು ಬೇರೆ. ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಂದ ಮೇಲೆ ಒಂದೇ ಮೀಟರಿನ ಮನೆಯವರಿಗೆ ಗೊತ್ತಿರುವ ಸಂಕಟ ಇದು. ನಮಗೆ ಪುಕ್ಕಟೆ ಸಿಗುವ ಪಾಲು ತಿಂಗಳಿಗೆ ನೂರೈವತ್ತು ಯೂನಿಟ್‌ನ ಆಸುಪಾಸು, ಅದರ ಮೇಲಿನದಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ತಲೆ ಮೇಲೆ. ಆ ಜೋಡಿ ಇದ್ದಾಗ ಒಮ್ಮೆ 207 ಆಗಿ ಸಾವಿರದ ಮೇಲೆ ಕಟ್ಟಿದ್ದೆ. ಈಗ ಕೋಣೆಗಳಿಗೆ ಸಬ್ ಮೀಟರ್ ಇದೆ, ಕೂಲಿ ಸೇರಿ ಸಾವಿರದೈನೂರು ಆಗಿರಬೇಕು. ಅದಕ್ಕಿಂತ ಕೆಲಸಕ್ಕೆ ಬಂದದ್ದು ಸೀಮೆಸುಣ್ಣ. ಪ್ರತಿ ಭಾನುವಾರ ರಂಗೋಲಿ ಹಾಕಿದ ಮೇಲೆ ಪಕ್ಕದಲ್ಲೇ ಆ ತಿಂಗಳ ಯೂನಿಟ್ ಎಷ್ಟಾಯಿತು ಅಂತ ಬರೆಯುತ್ತೇನೆ. ಬಾಯಿ ಬಿಚ್ಚಿ ಏನೂ ಹೇಳುವುದಿಲ್ಲ. 160 ಕಂಡ ದಿನ ಹುಡುಗಿಯರೇ ಫ್ಯಾನ್ ಆರಿಸುತ್ತಾರೆ.

ಬಿಸಿನೀರಿಗೆ ಸೋಲಾರ್ ಹಾಕಿಸಿ ನೋಡಿದೆ, ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರ. ಧಾರವಾಡದ ಶ್ರಾವಣದಲ್ಲಿ ಬಿಸಿಲೆಲ್ಲಿ? ಮಾರಿ ನಾಲ್ಕು ಸಾವಿರ ಕಳೆದುಕೊಂಡೆ. ಈಗ ಬಚ್ಚಲಿನ ಹಳೇ ಹಂಡೆಯೇ ಗತಿ. ತೆಂಗಿನ ಚಿಪ್ಪು, ಒಣ ಗರಿ ಹಾಕಿ ಬೆಳಿಗ್ಗೆ ಐದಕ್ಕೆ ಉರಿ ಮಾಡಿದರೆ ನಾಲ್ಕು ಜನರ ಸ್ನಾನ ಆಗುತ್ತದೆ. ಇನ್ನೊಂದು ಹುಚ್ಚು, ರೊಟ್ಟಿ ಮಾಡುವವರನ್ನು ಇಟ್ಟು ಹುಡುಗಿಯರಿಗೆ ರೊಟ್ಟಿಗೆ ಹತ್ತು ರೂಪಾಯಿಯಂತೆ ಕೊಡೋಣ ಅಂತ. ಮೂರು ವಾರದಲ್ಲಿ ಉಳಿದ ರೊಟ್ಟಿಯನ್ನೆಲ್ಲ ನಾವಿಬ್ಬರೇ ಕಡಿದೆವು. ಅದನ್ನೂ ಬಿಟ್ಟೆ.

ನೀರು ನಮ್ಮ ಕಡೆ ನಾಲ್ಕೈದು ದಿನಕ್ಕೊಮ್ಮೆ. ಬಂದ ದಿನ ಎಲ್ಲರೂ ತುಂಬಿಸಬೇಕು, ಇದೊಂದರಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ.

ಡಿಪಾಜಿಟ್ ಎರಡೇ ತಿಂಗಳದ್ದು. ಹನ್ನೊಂದು ತಿಂಗಳ ಕರಾರು ಪತ್ರದ ವಿಷಯ ನಿಮಗೆಲ್ಲ ಗೊತ್ತಿರುವುದೇ. ಅದಕ್ಕೂ ಮುಂಚೆ ಒಂದು ತಿಂಗಳು ಸುಮ್ನೆ ಇದ್ದು ನೋಡಿ ಅನ್ನುತ್ತೇನೆ, ಆ ತಿಂಗಳು ಡಿಪಾಜಿಟ್ ಇಲ್ಲ. ಕೋಣೆ ನೋಡಲು ಬಂದವರಿಗೆ ಚಹಾ ಕೊಟ್ಟು ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರದಲ್ಲೇ ಮುಕ್ಕಾಲು ಪಾಲು ತಿಳಿಯುತ್ತದೆ. ಪ್ರಶ್ನೆ ಯಾವುದು ಅಂತ ಮಾತ್ರ ಕೇಳಬೇಡಿ, ವಹಿನಿಗೂ ಹೇಳಿಲ್ಲ.

ತಲಾ ನಾಲ್ಕೂವರೆ ಸಾವಿರದಂತೆ ಹೋದ ವರ್ಷ ಕೈಗೆ ಬಂದದ್ದು ಲಕ್ಷದ ಮೇಲೆ ಆರೇಳು ಸಾವಿರ. ರಿಪೇರಿಗೆ ಹೋದದ್ದು ಹನ್ನೊಂದೋ ಹನ್ನೆರಡೋ ಸಾವಿರ. ಖಾಲಿ ಇದ್ದದ್ದು ಒಂದು ಕೋಣೆ, ಅದೂ ಹನ್ನೆರಡೇ ದಿನ. ವಹಿನಿ ಹೋದ ತಿಂಗಳು ತಮ್ಮ ಮೇಲಿನ ಕೋಣೆಗೆ ಜನ ಬೇಕು, ನಿಮ್ಮ ಹುಡುಗಿಯರಿಗೆ ಹೇಳ್ರಿ ಅಂತ ಬಂದಿದ್ದರು. ಆಗ ಸಂಜೆ ಏಳೂವರೆ. ಚಹಾ ಮಾಡಿಕೊಡಲು ಆಗಲಿಲ್ಲ. ಒಳಗಿನಿಂದ ಕೊಪ್ಪಳದವಳೇ ಎರಡು ಲೋಟ ತಂದಿಟ್ಟು, "ಇದು ನಮ್ಮ ಸಕ್ಕರೀದ್ರಿ ಆಂಟಿ" ಅಂದಳು.