ಕಾರಿನ ಪಯಣಕ್ಕೆ ಕೈಯಲ್ಲಿ ಹಿಡಿಯುವ ಜಿಪಿಎಸ್: ಆರಿಸುವಾಗ ನೋಡಬೇಕಾದದ್ದು

ಜಿಪಿಎಸ್ ಸಾಧನ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅದು ಎಷ್ಟು ಬಗೆಯ ಉಪಗ್ರಹಗಳ ಸಂಕೇತವನ್ನು ಹಿಡಿಯುತ್ತದೆ ಎಂದು. ಕಾರಿನ ಮಟ್ಟಿಗೆ ಅದನ್ನು ಕೊನೆಯಲ್ಲಿ ವಿಚಾರಿಸಿದರೂ ಸಾಕು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಬಿತ್ತರಿಸುವುದು ಮುಖ್ಯವಾಗಿ ಸಮಯವನ್ನು ಮತ್ತು ತಮ್ಮ ಕಕ್ಷೆಯ ವಿವರವನ್ನು. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಸಾಧನವು ನಾವಿರುವ ಸ್ಥಾನವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಆದರೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬುದನ್ನು ಯಾವ ಉಪಗ್ರಹವೂ ಹೇಳುವುದಿಲ್ಲ. ಅದನ್ನು ಹೇಳುವುದು ಸಾಧನದೊಳಗಿರುವ ನಕ್ಷೆ.

ಇದು ನನಗೆ ಮನವರಿಕೆಯಾದದ್ದು ಒಂದು ಕಾಡುದಾರಿಯ ಕವಲಿನಲ್ಲಿ. ನೆಟ್‌ವರ್ಕ್ ಹೋಗಿ ಅರ್ಧ ಗಂಟೆಯಾಗಿತ್ತು. ಮೊಬೈಲ್ ಪರದೆಯ ಮೇಲೆ ನೀಲಿ ಚುಕ್ಕೆ ಕಾರಿನ ಜೊತೆಗೇ ಚಲಿಸುತ್ತಿತ್ತು. ಅದರ ಸುತ್ತ ಮಾತ್ರ ಒಂದು ರಸ್ತೆಯೂ ಇರಲಿಲ್ಲ, ಬರೀ ಬೂದು ಚೌಕಗಳಿದ್ದವು. ಅಂದಿನಿಂದ ನಾನು ಯಾವ ಸಾಧನವನ್ನು ನೋಡಿದರೂ ಮೊದಲು ನೋಡುವುದು ಅದರ ನಕ್ಷೆಯನ್ನೇ.

ನಮ್ಮ ಮುಂದಿರುವ ಆಯ್ಕೆಗಳು ಮೂರು. ಚಾರಣಿಗರು ಬಳಸುವ ಪುಟ್ಟ ಸಾಧನ ಗಟ್ಟಿಮುಟ್ಟಾಗಿರುತ್ತದೆ, ಮಳೆಗೆ ಹೆದರುವುದಿಲ್ಲ, ಹಲವು ಮಾದರಿಗಳಲ್ಲಿ ಮಾಮೂಲಿ ಪೆನ್ಸಿಲ್ ಸೆಲ್ ಹಾಕಿ ನಡೆಸಬಹುದು. ಕಾರಿಗೆಂದೇ ಮಾಡಿದ ಸಾಧನದ ಪರದೆ ಸಾಮಾನ್ಯವಾಗಿ ಐದರಿಂದ ಏಳು ಇಂಚಿನದಾಗಿದ್ದು, ಅದು ತಿರುವುಗಳನ್ನು ಬಾಯಲ್ಲೇ ಹೇಳುತ್ತದೆ. ಮೂರನೆಯದು ನಕ್ಷೆಯನ್ನು ಮೊದಲೇ ಇಳಿಸಿಕೊಂಡ ಮೊಬೈಲ್. ಕಾರಿನಿಂದಿಳಿದು ನಡೆಯುವುದೂ ಇದೆ ಎನ್ನುವವರಿಗೆ ಮಾತ್ರ ನಾನು ಮೊದಲನೆಯದನ್ನು ಸೂಚಿಸುತ್ತೇನೆ. ಎರಡು ಮೂರು ಇಂಚಿನ ಪರದೆಯನ್ನು ಓಡುವ ಕಾರಿನಲ್ಲಿ ಓದುವುದು ಅಪಾಯಕರ; ಅಂಥ ಹಲವು ಸಾಧನಗಳು ತಿರುವು ಬಂದಾಗ ಬರೀ ಬೀಪ್ ಎನ್ನುತ್ತವೆ, ಮಾತಾಡುವುದಿಲ್ಲ.

ಅವುಗಳ ಜೊತೆಗೆ ಬರುವ ನಕ್ಷೆಯನ್ನೂ ಎಚ್ಚರದಿಂದ ಪರಿಶೀಲಿಸಬೇಕು. ದೊಡ್ಡ ಹೆದ್ದಾರಿಗಳನ್ನಷ್ಟೇ ತೋರಿಸುವ ಮೂಲ ನಕ್ಷೆಯೇ ಬೇರೆ, ಒಳರಸ್ತೆಗಳನ್ನೂ ಏಕಮುಖ ಸಂಚಾರವನ್ನೂ ಅರಿತು ದಾರಿಯನ್ನು ಲೆಕ್ಕ ಹಾಕಬಲ್ಲ ನಕ್ಷೆಯೇ ಬೇರೆ. 2004ರಲ್ಲಿ ಆರಂಭವಾದ, ಸ್ವಯಂಸೇವಕರು ಸೇರಿ ರೂಪಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಮಾಹಿತಿಯಿಂದ ತಯಾರಾದ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಹಲವು ಸಾಧನಗಳಿಗೆ ಅವನ್ನು ಮೆಮೊರಿ ಕಾರ್ಡ್ ಮೂಲಕ ಹಾಕಿಕೊಳ್ಳಬಹುದು. ಮೊಬೈಲ್‌ನಲ್ಲಿ ಆಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್‌ಗಳು ಇದೇ ಮಾಹಿತಿಯನ್ನು ಬಳಸುತ್ತವೆ. ನಕ್ಷೆ ನಿಜಕ್ಕೂ ಒಳಗೆ ಇಳಿದಿದೆಯೇ ಎಂದು ತಿಳಿಯಲು ಮನೆಯಲ್ಲೇ ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ಹಿಂದೆಂದೂ ಹುಡುಕದ ಒಂದು ದೂರದ ಊರಿಗೆ ದಾರಿ ಕೇಳಿ ನೋಡಿ.

ಇನ್ನು ವಿದ್ಯುತ್ತಿನ ವಿಷಯ. ಕಾರಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ ಚಾರ್ಜರ್ ದುರ್ಬಲವಾಗಿದ್ದರೆ, ಪರದೆ ಪೂರ್ಣ ಬೆಳಕಿನಲ್ಲಿ ಉರಿಯುವಾಗ ಮೊಬೈಲ್‌ನ ಬ್ಯಾಟರಿ ಚಾರ್ಜ್ ಆಗುತ್ತಲೇ ಇಳಿಯುತ್ತಾ ಹೋಗುತ್ತದೆ. ಬಿಸಿಲಿಗೆ ಒಡ್ಡಿದ ಮೊಬೈಲ್ ಕಾದು, ಚಾರ್ಜಿಂಗನ್ನು ನಿಲ್ಲಿಸಿ ಪರದೆಯನ್ನು ಮಂಕು ಮಾಡಿಕೊಳ್ಳುವುದೂ ಉಂಟು. ಎಸಿಯ ತಂಗಾಳಿ ಬರುವ ಕಿಂಡಿಯ ಮುಂದೆ ಸಿಕ್ಕಿಸುವ ಹೋಲ್ಡರ್ ನನಗೆ ಹಿಡಿಸಿರುವುದು ಈ ಕಾರಣಕ್ಕೆ. ಗಾಜಿಗೆ ಅಂಟಿಸುವ ಹೋಲ್ಡರ್ ಆದರೆ ಅದು ಚಾಲಕರ ನೋಟಕ್ಕೆ ಅಡ್ಡ ಬರಬಾರದು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಂತೂ ಇರಲೇಕೂಡದು. ಶಾಖ ತಡೆಯಲು ಲೋಹದ ತೆಳುಲೇಪ ಕೊಟ್ಟ ಗಾಜು ಸಂಕೇತವನ್ನೂ ತಡೆಯಬಲ್ಲದು. ಅಂಥ ಕಾರಿದ್ದರೆ ಹೊರಗಿನ ಆಂಟೆನಾ ಜೋಡಿಸಬಹುದಾದ ಸಾಧನವನ್ನು ಆರಿಸುವುದು ಒಳಿತು.

ಉಪಗ್ರಹಗಳ ಮಾತಿಗೆ ಬಂದರೆ, ಅಮೆರಿಕದ ಜಿಪಿಎಸ್ ಜೊತೆಗೆ ಅದರಂಥವೇ ಆದ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂಗಳನ್ನೂ ಬಳಸುವ ಸಾಧನಕ್ಕೆ ಎತ್ತರದ ಕಟ್ಟಡಗಳ ನಡುವೆ ಅನುಕೂಲ ಹೆಚ್ಚು. ಸುರಂಗದೊಳಗೆ ಯಾವುದರ ಸಂಕೇತವೂ ತಲುಪುವುದಿಲ್ಲ. ಬಹಳ ದಿನ ಬಳಸದೆ ಇಟ್ಟ ಸಾಧನಕ್ಕೆ ಉಪಗ್ರಹಗಳ ಕಕ್ಷೆಯ ಹಳೆಯ ಮಾಹಿತಿ ಉಪಯೋಗಕ್ಕೆ ಬರುವುದಿಲ್ಲ, ಹೊಸದನ್ನು ಪಡೆಯಬೇಕು. ಪ್ರತಿ ಉಪಗ್ರಹದ ಕಕ್ಷೆಯ ನಿಖರ ವಿವರ 30 ಸೆಕೆಂಡುಗಳಿಗೊಮ್ಮೆ ಬಂದರೆ, ಎಲ್ಲ ಉಪಗ್ರಹಗಳ ಸ್ಥೂಲ ಪಟ್ಟಿ ಪೂರ್ತಿ ಬರಲು 12.5 ನಿಮಿಷ ಬೇಕು. ಆದ್ದರಿಂದ ಅಂಥ ಸಾಧನವನ್ನು ಹೊರಡುವ ಮೊದಲೇ ತೆರೆದ ಆಕಾಶದಡಿ ಸ್ವಲ್ಪ ಹೊತ್ತು ಚಾಲೂ ಮಾಡಿಡಬೇಕು.

ಕೊಳ್ಳುವ ಮೊದಲು ಸಾಧ್ಯವಾದರೆ ಪರಿಚಿತ ರಸ್ತೆಯೊಂದರಲ್ಲಿ ಪಕ್ಕದ ಸೀಟಿನವರ ಕೈಗೆ ಸಾಧನ ಕೊಟ್ಟು, ಅದು ಹೇಳಿದ ತಿರುವನ್ನು ಬೇಕೆಂದೇ ಬಿಟ್ಟು ಮುಂದೆ ಹೋಗಿ. ಮುಂದಿನ ತಿರುವು ಬರುವುದರೊಳಗೆ ಅದು ಹೊಸ ದಾರಿಯನ್ನು ಸ್ಪಷ್ಟವಾದ ಧ್ವನಿಯಲ್ಲಿ ಹೇಳದಿದ್ದರೆ ಬೇರೊಂದನ್ನು ನೋಡುವುದೇ ಸರಿ.